ಕಮಲಾಕ್ಷಮ್ಮನ ಗುಣಿಗೆ ಬಿದ್ದ ಉಪ್ಪು

ಈ ಕಥೆಯನ್ನು ಮೊದಲು ಹೇಳಿದವರು ಗಿಡಕ್ಕೂ ಹೆಣಕ್ಕೂ ಗುಣಿ ತೆಗೆಯುವ ನಂಜಪ್ಪ. ಹೇಳಿದ್ದು ೨೦೨೪ರ ನವೆಂಬರ್ ಹದಿನೇಳರ ಭಾನುವಾರ ಮಧ್ಯಾಹ್ನ, ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಒಂದು ಊರಿನಲ್ಲಿ, ಶಿವರಾಜು ಎಂಬವರ ಕೊಬ್ಬರಿ ಕೊಟ್ಟಿಗೆಯೊಳಗೆ. ಅಟ್ಟದಿಂದ ಇಳಿಸಿದ ಕಾಯಿಗಳ ಚಿಪ್ಪು ಕೆತ್ತಿ ಉಂಡೆ ಕೊಬ್ಬರಿ ಬಿಡಿಸುತ್ತ ಹತ್ತು ಹನ್ನೆರಡು ಮಂದಿ ಅಲ್ಲಿ ಕುಳಿತಿದ್ದರು. ನಂಜಪ್ಪನವರಿಗೆ ಆಗ ಅರವತ್ತೆಂಟು ವರ್ಷ. ಇದೇ ಕಥೆಯ ಇನ್ನೆರಡು ಪಾಠಗಳು ಆಮೇಲೆ ಕಿವಿಗೆ ಬಿದ್ದವು. ಒಂದು ಅರಕಲಗೂಡಿನಲ್ಲಿ, ಮತ್ತೊಂದು ಹೊಳೆನರಸೀಪುರದ ಬಸ್ಸಿನಲ್ಲಿ. ಅವೆರಡರಲ್ಲೂ ಪವಾಡವಿದೆ, ನಂಜಪ್ಪನವರ ಹೆಸರಿಲ್ಲ. ಇಲ್ಲಿರುವುದು ಅವರು ಹೇಳಿದ ಪಾಠ, ಅವರು ಹೇಳಿದ ಕ್ರಮದಲ್ಲೇ.

ಆ ಊರಿನಲ್ಲಿ ಪರಮಶಿವಯ್ಯ ಎಂಬವರಿದ್ದರು. ಸರ್ಕಾರಿ ಸಸ್ಯಕ್ಷೇತ್ರದಲ್ಲಿ ಮೂವತ್ತು ವರ್ಷ ಸಸಿ ಬೆಳೆಸಿ, ಕಸಿ ಕಟ್ಟಿ ನಿವೃತ್ತರಾದವರು. ಊರವರ ಬಾಯಲ್ಲಿ ಅವರು ನರ್ಸರಿ ಪರಮಶಿವಯ್ಯ. ಅವರು ನೆಟ್ಟ ಸಸಿ ಒಣಗಿದ್ದನ್ನು ಕಂಡವರಿಲ್ಲ ಎಂಬ ಮಾತಿತ್ತು. ಹೆಂಡತಿ ಕಮಲಾಕ್ಷಮ್ಮ ಅರಕಲಗೂಡಿನ ಕಡೆಯವರು. ಒಬ್ಬಳೇ ಮಗಳು ರಂಜಿತಾ ಹೊಳೆನರಸೀಪುರದ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಕಮಲಾಕ್ಷಮ್ಮನವರ ಮೂತ್ರಪಿಂಡ ಸೋತು, ಕೊನೆಯ ಎರಡು ವರ್ಷ ವೈದ್ಯರು ಅವರಿಗೆ ಉಪ್ಪು ಬಿಡಿಸಿದ್ದರು.

ಆ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಕೂರಿಸಿ ಹೂಳುತ್ತಾರೆ. ಸತ್ತವರ ಪಾದವನ್ನೇ ಅಳತೆಯಾಗಿ ಹಿಡಿದು ಒಂಬತ್ತು ಪಾದ ಉದ್ದ, ಐದು ಪಾದ ಅಗಲದ ಗುಣಿ ತೆಗೆಯುವುದು. ಒಳಗೋಡೆಯಲ್ಲಿ ಗೂಡು ಕೊರೆದು ಅಲ್ಲಿ ಕೂರಿಸುವುದು. ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಿ ಮಣ್ಣೆಳೆಯುವುದು. ಹಿಂದೆ ಇಷ್ಟೇ ಇತ್ತು. ಈಚೆಗೆ ಅದರ ಮೇಲೆ ಸಿಮೆಂಟು, ಟೈಲ್ಸು, ಮುಖ ಕೊರೆದ ಕರಿಕಲ್ಲು. ಕೆರೆಯ ಹಿಂದಿನ ರುದ್ರಭೂಮಿಯಲ್ಲಿ ಹುಲ್ಲು ಏಳುವುದಕ್ಕೂ ಎಡೆ ಉಳಿದಿಲ್ಲ.

೨೦೧೮ರ ಕಾರ್ತಿಕದಲ್ಲಿ ಕಮಲಾಕ್ಷಮ್ಮ ನಂಜಪ್ಪನವರಿಗೆ ಹೇಳಿಕಳುಹಿಸಿದರು. ತೋಟದ ಅಂಚಿನಲ್ಲಿ, ಬೇಲಿಯ ಪಕ್ಕದ ಬಯಲಿನಲ್ಲಿ, ಗಂಡನ ಜೊತೆ ಕುಳಿತಿದ್ದರು. ಎದುರಿಗೆ ಹಳೆಯ ಬಣ್ಣದ ಡಬ್ಬದಲ್ಲಿ ಮೊಣಕಾಲೆತ್ತರದ ಹಲಸಿನ ಸಸಿ.

“ಬಾ ನಂಜಪ್ಪ, ಕೂತ್ಕೋ. ಒಂದು ಗುಣಿ ತೆಗೀಬೇಕು.”

“ತೆಗೆಯನ ಅವ್ವಾರೆ. ತೆಂಗಿಂದಾ, ಬಾಳೇದಾ?”

“ನಂದು.”

“ಬುಡ್ತು ಅನ್ನಿ ಅವ್ವಾರೆ.”

“ಬಿಡ್ತು ಅಂದ್ರೆ ಬಿಟ್ಟೋಗ್ತದೇನೋ? ಅಳತೆ ತಗೋ. ಆಮೇಲೆ ನನ್ನ ತಮ್ಮನ ಕಾಲು ಅಳೆದು ಕೆರೆ ತೋಡ್ಬುಟ್ಟೀಯ.” ಹಾಗೆಂದು ತಾವೇ ತೆಂಗಿನ ಗರಿಯ ಕಡ್ಡಿಯೊಂದನ್ನು ಪಾದಕ್ಕೆ ಹಿಡಿದು, ಹೆಬ್ಬೆರಳಿನ ತುದಿಗೆ ಮುರಿದು, ನಂಜಪ್ಪನವರ ಕೈಗಿತ್ತರು.

ಅನಂತರ ನಾಲ್ಕು ಮಾತು ಕೇಳಿದರು. ಮೇಲೆ ಸಿಮೆಂಟು, ಕಲ್ಲು ಬೇಡ. ಉಡಿಸುವುದಾದರೆ ನೂಲಿನ ಸೀರೆ, ಮಣ್ಣಲ್ಲಿ ಕರಗದ್ದು ಏನೂ ಬೇಡ. ಉಪ್ಪು ಬೇಡ. ಹಲಸು ತವರಿನ ಮರದ ಹಣ್ಣಿನದು, ತಾವೇ ಬೀಜ ಊರಿ ಎಬ್ಬಿಸಿದ್ದು. ಅದನ್ನು ತಮ್ಮ ಮೇಲೆ ನೆಡಬೇಕು.

“ಉಪ್ಪು ಬಿದ್ರೆ ಬೇರು ಸುಟ್ಟೋಗ್ತದೆ ನಂಜಪ್ಪ,” ಎಂದು ಪರಮಶಿವಯ್ಯ ಸೇರಿಸಿದರು. “ಹಲಸು ತಡಿಯಲ್ಲ.”

“ನಾನು ಮಣ್ಣಾಗ್ಬೇಕು ಕಣೋ, ಕಟ್ಟಡ ಆಗ್ಬಾರ್ದು,” ಎಂದರು ಕಮಲಾಕ್ಷಮ್ಮ. “ಈ ಗಿಡ ಬಂತು ಅಂದ್ರೆ ನಾನು ಇದೀನಿ ಅಂತ. ಬರ್ಲಿಲ್ಲ ಅಂದ್ರೆ ಇಲ್ಲ. ಇವರಿಗೂ ಅಷ್ಟೇ ಹೇಳಿದೀನಿ.”

ನಂಜಪ್ಪ ನೆಲ ಮುಟ್ಟಿ ಮಾತು ಕೊಟ್ಟರು: “ನಾಕೂ ನಡೀತದೆ ಅವ್ವಾರೆ.”

ಮರುವರ್ಷ, ಶಿವರಾತ್ರಿ ಮುಗಿದ ವಾರದಲ್ಲಿ ಕಮಲಾಕ್ಷಮ್ಮ ತೀರಿಕೊಂಡರು. ಕಡ್ಡಿಯ ಅಳತೆಗೆ ತೋಟದಂಚಿನ ಆ ಬಯಲಲ್ಲೇ ಗುಣಿ ಆಯಿತು. ಉಪ್ಪು ಹಾಕಬಾರದು ಎಂದು ಪರಮಶಿವಯ್ಯ ನೆರೆದವರೆಲ್ಲರ ಮುಂದೆ ಹೇಳಿದರು. ಉಪ್ಪಿಲ್ಲದೆ ಮುಚ್ಚುವುದು ದನಗಳಿಗೆ ಎಂದು ಹಿಂದೆ ನಿಂತವರು ಗೊಣಗಿದರು. ಎದುರು ಮಾತು ಯಾರೂ ಆಡಲಿಲ್ಲ. ಅಯ್ಯನವರು ವಿಧಿ ಮುಗಿಸಿದರು. ಗಂಡ ಮೊದಲು, ಆಮೇಲೆ ಮಿಕ್ಕವರು, ಮೂರು ಮೂರು ಹಿಡಿ ಮಣ್ಣು ಹಾಕಿದರು. ಹಾಗೆ ಹಾಕಿದವರು ಹಿಂದಕ್ಕೆ ತಿರುಗಿ ನೋಡದೆ ಮನೆಗೆ ನಡೆದು ದೀಪ ನೋಡಬೇಕು. ಗುಣಿ ಮುಚ್ಚುವ ಹೊತ್ತಿಗೆ ತವರಿನವರೊಬ್ಬರು ಇರಬೇಕು. ಇದು ಆ ಊರಿನ ರೂಢಿ. ಎಲ್ಲರೂ ಹೋದರು. ಉಳಿದವರು ಇಬ್ಬರು: ನಂಜಪ್ಪ, ಮತ್ತು ಕಮಲಾಕ್ಷಮ್ಮನವರ ತಮ್ಮ ಸಿದ್ದೇಶ್ವರ.

ಸಿದ್ದೇಶ್ವರ ಬೇಲಿಯಾಚೆ ನಿಲ್ಲಿಸಿದ್ದ ಗೂಡ್ಸ್ ಆಟೋದ ಹುಲ್ಲು ಸರಿಸಿದರು. ಕೆಳಗೆ ಒಂದು ಮೂಟೆ ಕಲ್ಲುಪ್ಪು.

“ಬ್ಯಾಡ ಸ್ವಾಮಿ. ಅವ್ವಾರಿಗೆ ಮಾತು ಕೊಟ್ಟಿವ್ನಿ.”

“ಎರಡು ವರ್ಷ ಸಪ್ಪೆ ತಿಂದವ್ಳೆ ಕಣ್ಲಾ ನಮ್ಮಕ್ಕ. ಇವತ್ತೂ ಸಪ್ಪೇಲೇ ಕಳಿಸ್ಲಾ? ದನ ಮುಚ್ಚಿದಂಗೆ ಮುಚ್ಚೋಕೆ ನಾವೇನು ಗತಿಗೆಟ್ಟವರಾ?”

“ಉಪ್ಪು ಬ್ಯಾಡ ಅಂತ ಅವರೇ ಅಂದ್ರು.”

“ಅದು ಭಾವ ಹೇಳಿಕೊಟ್ಟ ಮಾತು. ನೋಡ್ಲಾ, ಅವಳಿಗೆ ಬೇಕಾದ್ದೇನು? ಮಣ್ಣಾಗೋದು ತಾನೆ? ಉಪ್ಪಿಲ್ದೆ ಅವಳು ಮಣ್ಣಾಗೋದು ಯಾವ ಕಾಲಕ್ಕೆ? ವರ್ಷಾನುಗಟ್ಟಲೆ ಒಳಗೆ ಅಂಗೇ ಕೂತಿರ್ಲಾ?”

ಇಲ್ಲಿಯವರೆಗೆ ಹೇಳಿ ನಂಜಪ್ಪ ರಾಶಿಯಿಂದ ಇನ್ನೊಂದು ಕಾಯಿ ಎತ್ತಿಕೊಂಡರು.

“ಹಾಕ್ಬುಟ್ಯಾ?” ಎಂದರು ಶಿವರಾಜು.

“ಹಾಕ್ದೆ.”

“ಲೇ ನಂಜಪ್ಪ, ಏನ್ ಹೇಳ್ತಿದೀಯ ಗೊತ್ತಾ ನಿಂಗೆ?”

“ಗೊತ್ತಿದ್ದೇ ಹೇಳ್ತಿವ್ನಿ ಕಣಣ್ಣ. ಅವರು ಮೂಟೆ ಬಿಚ್ಚಿಕೊಟ್ರು. ಒಳಗೆ ಇಳಿದು ತುಂಬ್ದವ್ನು ನಾನು. ಕಾಲ ಸುತ್ತ, ಬೆನ್ನ ಹಿಂದೆ, ಸಂದಿ ಬಿಡದಂಗೆ. ಬೇಗ ಮಣ್ಣಾಗ್ಲಿ ಅಂತ.”

ಮೂಲೆಯಲ್ಲಿದ್ದ ಯಶಸ್ವಿನಿ ಎಂಬ ಹೆಣ್ಣುಮಗಳು, “ಗಿಡಕ್ಕೆ ಕೆಡುಕಾಯ್ತದೆ ಅಂತ ಅವರು ಮೊದಲೇ ಹೇಳಿರ್ಲಿಲ್ವಾ ನಂಜಣ್ಣ?” ಎಂದು ಕೇಳಿದಳು.

“ಹೇಳಿದ್ರು. ನಂಬಕ್ಕಾಯ್ತದಾ? ನೀನೇ ಹೇಳು, ನಿಮ್ಮ ತ್ವಾಟದಲ್ಲಿ ತೆಂಗಿನ ಬುಡಕ್ಕೆ ಉಪ್ಪು ಹಾಕಲ್ವಾ? ನಮ್ಮಪ್ಪ ಹಾಕ್ದ, ನಾನು ಹಾಕ್ದೆ. ಕೆಟ್ಟದಾಗ್ಲಿ ಅಂತ ಯಾರಾದ್ರೂ ಉಪ್ಪು ಹಾಕ್ತಾರಾ?”

ಕಥೆ ಮುಂದುವರಿಯಿತು.

ಮುಂಗಾರು ಬಿದ್ದಾಗ ಪರಮಶಿವಯ್ಯ ಹಲಸಿನ ಸಸಿಯನ್ನು ಹೆಂಡತಿಯ ಮೇಲೆ ನೆಟ್ಟರು. ದಿನವೂ ಬೆಳಗ್ಗೆ ಎರಡು ಬಿಂದಿಗೆ ನೀರು. ಮಳೆಗಾಲ ಮುಗಿಯುವಷ್ಟರಲ್ಲಿ ಎಲೆಯ ಅಂಚು ಕಂದಿತು. ಕಂದು ಒಳಕ್ಕೆ ಸರಿಯಿತು. ಸಂಕ್ರಾಂತಿಗೆ ಕಡ್ಡಿ ಉಳಿಯಿತು. ಕೊಳವೆಬಾವಿಯ ನೀರು ಗಡಸು ಎಂದುಕೊಂಡು ಅವರು ಮರುವರ್ಷ ಸೂರಿನ ಮಳೆನೀರನ್ನು ಡ್ರಮ್ಮಿನಲ್ಲಿ ಹಿಡಿದು ಹಾಕಿದರು. ಎರಡನೆಯ ಸಸಿಯೂ ಹೋಯಿತು. ಮೂರನೆಯದಕ್ಕೆ ಅರಕಲಗೂಡಿನ ಅದೇ ಮರದ ಬೀಜ ತರಿಸಿದರು. ಅರಕಲಗೂಡಿನ ಪಾಠದಲ್ಲಿ ಏಳು ಸಸಿ ಎಂದಿದೆ. ನಂಜಪ್ಪನವರ ಲೆಕ್ಕದಲ್ಲಿ ನಾಲ್ಕು. ನಾಲ್ಕಕ್ಕೂ ಗುಂಡಿ ತೋಡಿದವರು ಅವರೇ.

ಮೂರನೆಯ ಗುಂಡಿ ತೋಡುವಾಗ ಪರಮಶಿವಯ್ಯ, “ನನ್ನ ಕೈಯೇ ಸೋತೋಯ್ತೇನೋ ನಂಜಪ್ಪ,” ಎಂದರು.

“ಬತ್ತದೆ ಬುಡಿ ಸಾ. ಮಣ್ಣು ಹೊಸದು.”

“ಇಲ್ಲ ಕಣೋ. ಅವಳು ಒಪ್ತಾ ಇಲ್ಲ.”

ಬೇರೆ ಕಡೆ ನೆಡೋಣ ಎಂದು ರಂಜಿತಾ ಎರಡು ಸಲ ಹೇಳಿದಳು. ಬೇರೆ ಕಡೆ ಬಂದ ಗಿಡ ಬರಿಯ ಗಿಡವಾದೀತು ಎಂದು ತಂದೆ ಅದಕ್ಕೆ ಒಪ್ಪಲಿಲ್ಲ. ದಿನದ ಎರಡು ಬಿಂದಿಗೆ ನಾಲ್ಕಾಯಿತು.

೨೦೨೨ರ ಬೇಸಿಗೆಯ ಒಂದು ಬೆಳಗ್ಗೆ ಹುಲ್ಲು ಕೊಯ್ಯಲು ಹೋದ ಹೆಂಗಸೊಬ್ಬಳು ಆ ಮಣ್ಣಿನ ಮೇಲೆ ಬೆಳ್ಳಗೆ ಪೊರೆ ಕಟ್ಟಿರುವುದನ್ನು ಕಂಡಳು. ಬೆರಳಿಟ್ಟರೆ ನುಣ್ಣನೆಯ ಪುಡಿ. ಅವಳು ಅದನ್ನು ಹಣೆಗೆ ಹಚ್ಚಿಕೊಂಡು ಬಂದಳು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಅಲ್ಲಿತ್ತು. ಅವರ ತರ್ಕ ಸರಳವಾಗಿತ್ತು: ಈ ಗುಣಿಗೆ ಉಪ್ಪು ಬಿದ್ದಿಲ್ಲ, ಅದು ಎಲ್ಲರಿಗೂ ತಿಳಿದದ್ದು, ಉಪ್ಪು ಬೀಳದ ಗುಣಿಯ ಮೇಲೆ ಬೆಳ್ಳಗೆ ಬಂದದ್ದು ವಿಭೂತಿಯಲ್ಲದೆ ಮತ್ತೇನು? ಅಲ್ಲಿ ಗಿಡ ನಿಲ್ಲದೆ ಇದ್ದುದಕ್ಕೂ ಅರ್ಥ ಸಿಕ್ಕಿತು. ಶರಣೆ ಕೂತ ಜಾಗವನ್ನು ಬೇರು ತುಳಿಯಬಾರದು.

ಒಂದು ತಿಂಗಳು ಜನ ಬಂದರು. ಆ ಪುಡಿಯಿಂದ ಹೊಳೆನರಸೀಪುರದ ಮಗುವೊಂದರ ಜ್ವರ ಇಳಿಯಿತಂತೆ. ಬಸ್ಸಿನ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ. ಆಮೇಲೆ ಸಿದ್ದೇಶ್ವರ ಅರಕಲಗೂಡಿನಿಂದ ಒಂದು ಟ್ರ್ಯಾಕ್ಟರ್ ತುಂಬ ಸಿಮೆಂಟು, ಇಟ್ಟಿಗೆ, ಕರಿಕಲ್ಲು ತಂದಿಳಿಸಿದರು. ಅಕ್ಕನಿಗೆ ಗದ್ದುಗೆ ಕಟ್ಟಿಸುವುದೆಂದು ಊರವರ ಜೊತೆ ಮಾತಾಗಿತ್ತು.

ಪರಮಶಿವಯ್ಯ ಗುಣಿಯ ಮೇಲೆ ನಿಂತರು. ಅರವತ್ತು ಎಪ್ಪತ್ತು ಜನ ಸೇರಿದ್ದರು. ಒಂದು ಚಿಟಿಕೆ ಪುಡಿ ತೆಗೆದು ನಾಲಿಗೆಗೆ ಹಾಕಿಕೊಂಡರು.

“ಇದು ಉಪ್ಪು. ತಿಂದು ನೋಡಿ.”

ಒಬ್ಬಾಕೆ ತಿಂದು ನೋಡಿದಳು. “ಉಪ್ಪುಪ್ಪಾಗೇ ಐತೆ ಕಣ್ರವ್ವ. ಅವ್ವಾರ ಕಣ್ಣೀರು ಬೆರೆತದೆ,” ಎಂದು ಕಣ್ಣೊರೆಸಿಕೊಂಡಳು.

“ಕಣ್ಣೀರಲ್ಲ ತಾಯಿ, ಅಂಗಡಿ ಉಪ್ಪು. ಮೂರು ವರ್ಷದಿಂದ ಗಿಡ ಸಾಯ್ತಿರೋದು ಇದರಿಂದ.”

“ಭಾವ, ಉಪ್ಪು ಹಾಕ್ಬಾರ್ದು ಅಂತ ಊರ ಮುಂದೆ ಕೂಗಾಡಿದ್ದು ನೀವೇ,” ಎಂದರು ಸಿದ್ದೇಶ್ವರ. “ಈಗ ಉಪ್ಪು ಅಂತೀರಿ. ಹೆಂಡ್ತಿ ನಿಮ್ಗಿಂತ ದೊಡ್ಡೋಳಾಗಿದ್ದು ಸಹಿಸಕ್ಕಾಗ್ತಿಲ್ವಾ?”

ನಗು ಎದ್ದಿತು. ಪರಮಶಿವಯ್ಯ ಆ ಕಡೆ ನೋಡಲಿಲ್ಲ. ಗುಂಪಿನ ಅಂಚಿನಲ್ಲಿ ಹಾರೆ ಹಿಡಿದು ನಿಂತಿದ್ದ ನಂಜಪ್ಪನವರನ್ನು ನೋಡಿದರು.

“ನಂಜಪ್ಪ, ಮುಚ್ಚಿದವನು ನೀನು. ಉಪ್ಪು ಹಾಕಿದ್ಯಾ? ಹಾಕಿದ್ರೆ ಹಾಕ್ದೆ ಅನ್ನು, ನಾನೇನೂ ಅನ್ನಲ್ಲ. ನೀನು ಒಂದು ಮಾತು ಅಂದ್ರೆ ಇವರು ಸಿಮೆಂಟು ಎತ್ಕೊಂಡು ಹೋಗ್ತಾರೆ. ಅವಳ ಮೇಲೆ ಮಣ್ಣು ಮಣ್ಣಾಗೇ ಇರ್ತದೆ. ಅಷ್ಟು ಸಾಕು ನಂಗೆ.”

ಆ ಗಳಿಗೆಯಲ್ಲಿ ತಮಗೆ ಏನೇನು ಕಂಡಿತು ಎಂಬುದನ್ನು ನಂಜಪ್ಪ ಒಂದೊಂದಾಗಿ ಹೇಳಿದರು. ಸಿದ್ದೇಶ್ವರ ಎದುರಿಗಿದ್ದರು, ಆದರೆ ಅವರ ಭಯವಿರಲಿಲ್ಲ. ಮಡಿಲಲ್ಲಿ ಕೂಸಿಟ್ಟುಕೊಂಡ ಒಬ್ಬ ತಾಯಿ ಇದ್ದಳು; ಕೂಸಿನ ಹಣೆಯ ಮೇಲೆ ಆ ಬಿಳುಪು ಇತ್ತು. ಹಾಕಿದೆ ಎಂದರೆ ನೆಲ ಮುಟ್ಟಿ ಕೊಟ್ಟ ಮಾತು ಸುಳ್ಳಾಗುತ್ತಿತ್ತು. ನಾಲ್ಕು ಮಾತು ನಡೆಸಿಕೊಟ್ಟವನೆಂದು ಮೂರು ವರ್ಷ ಪರಮಶಿವಯ್ಯ ತಮ್ಮನ್ನು ಮನೆಯೊಳಗೆ ಕೂರಿಸಿ ಊಟ ಹಾಕಿದ್ದರು.

“ಇಲ್ಲ ಸಾ. ಹಾಕಿಲ್ಲ,” ಎಂದರು ನಂಜಪ್ಪ.

ಪರಮಶಿವಯ್ಯ ಗುಣಿಯ ಮೇಲಿಂದ ಇಳಿದರು. ನಾಲ್ಕನೆಯ ಸಸಿಯಲ್ಲಿ ಇನ್ನೂ ಮೂರು ಎಲೆ ಇತ್ತು. ಗಾರೆಯವನು ಅದನ್ನು ಕಿತ್ತು ಬೇಲಿಯ ಮೇಲೆ ಹಾಕಿದ. ಆರು ದಿನದಲ್ಲಿ ಗದ್ದುಗೆ ಮುಗಿಯಿತು. ಕಲ್ಲಿನಲ್ಲಿ ಕಮಲಾಕ್ಷಮ್ಮನವರ ಮುಖ ಕೊರೆಸಿದ್ದರು. ಅದು ಮದುವೆಯ ಕಾಲದ ಫೋಟೊ ನೋಡಿ ಕೊರೆದದ್ದು, ಗುರುತು ಹತ್ತುತ್ತಿರಲಿಲ್ಲ.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಪರಮಶಿವಯ್ಯ ನಂಜಪ್ಪನವರ ಮನೆಗೆ ಬಂದರು. ಆ ಮನೆಯ ಜಗುಲಿಯ ಮೇಲೆ ಅವರು ಕುಳಿತದ್ದು ಅದೇ ಮೊದಲು.

“ಎಷ್ಟು ಹಾಕ್ದೆ?”

“ಒಂದು ಮೂಟೆ ಸಾ.”

“ಕಲ್ಲುಪ್ಪಾ?”

“ಊಂ. ನಿಮ್ಮ ಬಾಮೈದ್ರು ತಂದಿದ್ದು. ಅವ್ವಾರು ಬೇಗ ಮಣ್ಣಾಗ್ಲಿ ಅಂತ.”

ಅವರು ಬೈಯಲಿಲ್ಲ. ಸಸ್ಯಕ್ಷೇತ್ರದಲ್ಲಿ ಆಳುಗಳಿಗೆ ಹೇಳಿಕೊಡುತ್ತಿದ್ದ ದನಿಯಲ್ಲೇ ವಿವರಿಸಿದರು. ಉಪ್ಪು ದೇಹವನ್ನು ಕರಗಿಸುವುದಿಲ್ಲ, ಒಣಗಿಸಿ ಹಿಡಿದಿಡುತ್ತದೆ. ಹುಳು ಬರುವುದಿಲ್ಲ, ಬೇರು ಬರುವುದಿಲ್ಲ. ಅಷ್ಟು ಆಳದ ಉಪ್ಪು ಅಲ್ಲೇ ಇದ್ದಿದ್ದರೆ ಮೇಲಿನ ಮಣ್ಣಾದರೂ ಉಳಿಯುತ್ತಿತ್ತೇನೋ. ದಿನವೂ ಸುರಿದ ನೀರು ಕೆಳಗಿಳಿದು, ಉಪ್ಪನ್ನು ಕರಗಿಸಿಕೊಂಡು, ಬಿಸಿಲಿಗೆ ಮೇಲೆದ್ದು ಬಂದಿದೆ.

“ನಾನು ಹಾಕಿದ ನೀರೇ ಕಣೋ. ಬಿಟ್ಟಿದ್ರೆ ಬೆಳ್ಳಗೂ ಬರ್ತಿರ್ಲಿಲ್ಲ, ಸಿಮೆಂಟೂ ಬರ್ತಿರ್ಲಿಲ್ಲ.”

“ಕಟ್ಟೆ ಒಡೆದಾಕ್ತೀನಿ ಸಾ. ನಿಜ ಹೇಳ್ಬುಡ್ತೀನಿ.”

“ಯಾರು ನಂಬ್ತಾರೆ ಈಗ? ಒಡೆದ್ರೆ ಮತ್ತೆ ಕಟ್ತಾರೆ. ಕೆಳಗಿರೋದು ಕೆಳಗೇ ಇರ್ತದೆ.”

“ತೆಂಗಾದ್ರೆ ಉಪ್ಪು ತಡೀತದಲ್ವಾ ಸಾ? ಪಕ್ಕದಲ್ಲಿ ಒಂದು ತೆಂಗು...”

“ಸುತ್ತ ಇನ್ನೂರು ತೆಂಗಿದೆಯಲ್ಲೋ. ಅವಳು ಕೇಳಿದ್ದು ತೆಂಗಾ?”

ಏಳುವ ಮುಂಚೆ ಅವರು ಒಂದು ಮಾತು ತೆಗೆದುಕೊಂಡರು. ತಮ್ಮ ಗುಣಿ ಗದ್ದುಗೆಯ ಪಕ್ಕದಲ್ಲೇ ಆಗಬೇಕು. ಅದಕ್ಕೂ ಅಷ್ಟೇ ಉಪ್ಪು, ಒಂದು ಮೂಟೆ, ಬೀಳಬೇಕು.

“ಅಯ್ಯೋ, ಬ್ಯಾಡಿ ಸಾ. ನಿಮ್ಮೇಲಾದ್ರೂ ಒಂದು ಗಿಡ ಬರ್ಲಿ.”

“ಅವಳು ಅಲ್ಲಿ ಉಪ್ಪಲ್ಲಿ ಕೂತಿರ್ವಾಗ ನಾನೊಬ್ಬ ಪಕ್ಕದಲ್ಲಿ ಹಸಿರಾಗಿ ಕೂರೋದಾ? ನೋಡಿದವರು ಏನಂದ್ಕೋತಾರೆ? ಅವಳು ಬರ್ಲಿಲ್ಲ, ಇವನು ಬಂದ ಅಂತ. ಬೇಡ. ರಂಜಿತಂಗೆ ಹೇಳ್ಬೇಡ. ಅವಳಿಗೆ ಸೋದರಮಾವ ಒಬ್ಬನಾದ್ರೂ ಉಳೀಲಿ.”

ಪರಮಶಿವಯ್ಯ ತೀರಿಕೊಂಡದ್ದು ೨೦೨೪ರ ಜನವರಿಯಲ್ಲಿ. ರಂಜಿತಾ ಎಲ್ಲರ ಮುಂದೆ ಖಡಾಖಂಡಿತವಾಗಿ ಹೇಳಿದಳು: ಅಪ್ಪನ ಮೇಲೆ ಸಿಮೆಂಟು ಬೀಳಬಾರದು, ಒಳಗೆ ಉಪ್ಪು ಬೀಳಬಾರದು, ಅಪ್ಪ ಜೀವಮಾನವಿಡೀ ಹೇಳಿದ್ದು ಅದನ್ನೇ. ಮೂರು ಹಿಡಿ ಮಣ್ಣು ಹಾಕಿ ಎಲ್ಲರೂ ಹಿಂದಿರುಗಿ ನೋಡದೆ ನಡೆದರು. ನಂಜಪ್ಪ ಉಪ್ಪಿನ ಮೂಟೆಯನ್ನು ಹಿಂದಿನ ದಿನವೇ ತಂದು ಗರಿಯ ಕೆಳಗೆ ಇಟ್ಟಿದ್ದರು. ಕೊಟ್ಟ ಎರಡು ಮಾತಿನಲ್ಲಿ ಇದೊಂದನ್ನಾದರೂ ನಡೆಸೋಣ ಎನಿಸಿತು ಎಂದರು. ಇಳಿದು, ತುಂಬಿ, ಮುಚ್ಚಿದರು.

“ಮುಗೀತಾ?” ಎಂದರು ಶಿವರಾಜು.

“ಮುಗಿದಿದ್ರೆ ಒಳ್ಳೇದಾಗಿತ್ತು.”

ಜೂನ್ ತಿಂಗಳಲ್ಲಿ ರಂಜಿತಾ ಶಾಲೆಗೆ ರಜೆ ಹಾಕಿ ಬಂದಿದ್ದಳು. ಕೈಯಲ್ಲಿ ಹಲಸಿನ ಸಸಿ. ಅಮ್ಮನ ಮೇಲೆ ಬರಲಿಲ್ಲ, ಅಪ್ಪನ ಮೇಲೆ ಬಂದೇ ಬರುತ್ತದೆ, ಅಪ್ಪನದು ಒಳ್ಳೆಯ ಮಣ್ಣು ಎಂದಳು. ನಂಜಪ್ಪ ಗುಂಡಿ ತೋಡಿಕೊಟ್ಟರು. ಅವಳು ಹದಿನೈದು ದಿನಕ್ಕೊಮ್ಮೆ ಹೊಳೆನರಸೀಪುರದಿಂದ ಬಂದು ನೋಡುತ್ತಾಳೆ. ನಡುವೆ ನೀರು ಹಾಕುವ ಕೆಲಸವನ್ನು ನಂಜಪ್ಪನವರಿಗೇ ಒಪ್ಪಿಸಿದ್ದಾಳೆ.

“ಎಲೆ ಅಂಚು ಹೋದ ವಾರ ಕಂದೈತೆ,” ಎಂದರು ನಂಜಪ್ಪ.

ಯಶಸ್ವಿನಿ, “ಅವಳಿಗೆ ಹೇಳ್ಬುಡು ನಂಜಣ್ಣ. ಪಾಪ, ಕಾಯ್ತಾ ಇರ್ತಾಳೆ,” ಎಂದಳು.

“ಏನಂತ ಹೇಳ್ಲವ್ವ? ಯಾವುದರಿಂದ ಶುರು ಮಾಡ್ಲಿ?”

ಶಿವರಾಜು ಎದ್ದು ಅಂಗಿಯ ಮೇಲಿನ ಸಿಪ್ಪೆಯ ಪುಡಿಯನ್ನು ಕೊಡವಿಕೊಂಡರು. “ನೋಡು ನಂಜಪ್ಪ, ಇದನ್ನ ಇಲ್ಲಿಗೇ ಬುಡು. ನಾಳೆ ಕಾರ್ತೀಕ ಸೋಮವಾರ. ಗದ್ದುಗೆ ಹತ್ರ ದೀಪ ಐತೆ, ಸುತ್ತಮುತ್ತಲೋರು ಬತ್ತಾರೆ. ನಮ್ಮನೆಯೋಳೂ ಹರಕೆ ಹೊತ್ತವ್ಳೆ.”

ನಂಜಪ್ಪ ಸರಿ ಎಂಬಂತೆ ತಲೆ ಆಡಿಸಿದರು. ಬಿಡಿಸಿದ ಕೊಬ್ಬರಿಯನ್ನು ಗೋಣಿಗೆ ತುಂಬಿದ್ದಾಯಿತು. ಹೆಂಗಸರು ಸೆರಗು ಕೊಡವಿ, ಊಟದ ಡಬ್ಬಿ ಎತ್ತಿಕೊಂಡು, ನಾಳೆ ದೀಪಕ್ಕೆ ಯಾರು ಎಣ್ಣೆ ತರಬೇಕು ಎಂದು ಮಾತಾಡಿಕೊಳ್ಳುತ್ತ ಹೊರಟರು. ಯಶಸ್ವಿನಿ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಮುಂದೆ ಹೋದವರು ಕರೆದದ್ದಕ್ಕೆ ಅವಳೂ ಹೋದಳು. ಐದು ಗಂಟೆಯ ಹೊತ್ತಿಗೆ ಎಲ್ಲರೂ ಅವರವರ ಮನೆ ಸೇರಿದ್ದರು.